ಜ್ಞಾನಚಂದ್ರ ಘೋಷ್: ದ್ರಾವಣದಿಂದ ಇಂಧನದವರೆಗೆ

ನಲ್ಲಂಪಳ್ಳಿಯ ಬಯಲಿನ ಬಿಸಿಲಿನಿಂದ ಹಗಲು ವಿದ್ಯುತ್ತನ್ನು ಪಡೆಯಬಹುದು. ಅದನ್ನು ಇರುಳಿಗೆ ಕೂಡಿಡಲು ರಸಾಯನಶಾಸ್ತ್ರ ತೋರಿದ ದಾರಿಗಳಲ್ಲಿ ಬ್ಯಾಟರಿ ಒಂದು, ಕೃತಕ ಇಂಧನ ಇನ್ನೊಂದು. ಈ ಎರಡಕ್ಕೂ ಸಂಬಂಧಿಸಿದ ವಿಜ್ಞಾನದಲ್ಲಿ ದುಡಿದ ಭಾರತೀಯರು ಜ್ಞಾನಚಂದ್ರ ಘೋಷ್.

ಪುರುಲಿಯಾದಲ್ಲಿ ಜನಿಸಿದ ಘೋಷರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಫುಲ್ಲಚಂದ್ರ ರಾಯರ ಶಿಷ್ಯರಾದರು. ಸತ್ಯೇಂದ್ರನಾಥ ಬೋಸ್ ಮತ್ತು ಮೇಘನಾದ ಸಾಹಾ ಅವರ ಸಹಪಾಠಿಗಳು. ಉಪ್ಪು ನೀರಿನಲ್ಲಿ ಕರಗಿದಾಗ ಅದರ ಒಂದಂಶ ಮಾತ್ರ ಅಯಾನುಗಳಾಗಿ ಒಡೆಯುತ್ತದೆಂದು ಆಗ ಅನೇಕ ವಿದ್ವಾಂಸರು ತಿಳಿದಿದ್ದರು. ಉಪ್ಪು ಪೂರ್ಣವಾಗಿಯೇ ಒಡೆಯುತ್ತದೆ, ಅಯಾನುಗಳ ಪರಸ್ಪರ ಸೆಳೆತವು ಅವುಗಳ ಸಂಚಾರವನ್ನು ತಡೆಯುತ್ತದೆ ಎಂದು ಘೋಷರು 1918ರಲ್ಲಿ ಪ್ರತಿಪಾದಿಸಿದರು. ಇದರಿಂದ ತರುಣ ವಿಜ್ಞಾನಿಯ ಹೆಸರು ಯೂರೋಪಿನವರೆಗೂ ಹಬ್ಬಿತು.

ಆದರೆ ಕರಗಿದ ಅಯಾನುಗಳು ಹರಳಿನಲ್ಲಿರುವಂತೆಯೇ ಕ್ರಮವಾಗಿ ನಿಲ್ಲುತ್ತವೆಂಬ ಅವರ ಕಲ್ಪನೆ ಉಳಿಯಲಿಲ್ಲ. 1923ರಲ್ಲಿ ಡಿಬೈ ಮತ್ತು ಹ್ಯೂಕೆಲ್ ಮಂಡಿಸಿದ ಸಿದ್ಧಾಂತ ಅದರ ಸ್ಥಾನವನ್ನು ಪಡೆಯಿತು. ಪ್ರಬಲ ವಿದ್ಯುದ್ವಿಭಾಜ್ಯಗಳು ಪೂರ್ಣವಾಗಿ ಒಡೆಯುತ್ತವೆಂಬ ವಿಚಾರ ಮಾತ್ರ ನೆಲೆಗೊಂಡಿತು. ಬ್ಯಾಟರಿಯ ದ್ರಾವಣದಲ್ಲಿ ವಿದ್ಯುತ್ತನ್ನು ಸಾಗಿಸುವುದು ಇಂಥ ಅಯಾನುಗಳೇ.

ಕೀರ್ತಿ ತಂದ ಸಿದ್ಧಾಂತ ಹಿಂದೆ ಸರಿದರೂ ಘೋಷರ ಕಾರ್ಯೋತ್ಸಾಹ ಕುಂದಲಿಲ್ಲ. 1921ರಿಂದ ಢಾಕಾ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ವಿಭಾಗವನ್ನು ಕಟ್ಟಿದ ಅವರು, 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಆ ವರ್ಷವೇ ಮಹಾಯುದ್ಧ ಆರಂಭವಾಯಿತು. ಪೆಟ್ರೋಲಿಗೆ ಬಹುಮಟ್ಟಿಗೆ ಹೊರನಾಡುಗಳನ್ನೇ ನೆಚ್ಚಿದ್ದ ದೇಶಕ್ಕೆ ಇಂಧನದ ಚಿಂತೆ ಹತ್ತಿತು. ಜರ್ಮನಿಯ ಫಿಷರ್ ಮತ್ತು ಟ್ರಾಪ್ಷ್ ಕಂಡುಕೊಂಡ ವಿಧಾನವನ್ನು ಘೋಷರು ಬೆಂಗಳೂರಿನಲ್ಲಿ ಅಧ್ಯಯನಕ್ಕೆ ಎತ್ತಿಕೊಂಡರು. ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕವನ್ನು ಕಾದ ವೇಗವರ್ಧಕದ ಮೇಲೆ ಹಾಯಿಸಿ ದ್ರವ ಇಂಧನ ಪಡೆಯುವ ಕ್ರಮವದು. 1942ರಲ್ಲಿ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ತೆರೆದದ್ದೂ ಅವರ ಕಾಲದಲ್ಲಿಯೇ.

ಸ್ವಾತಂತ್ರ್ಯಾನಂತರ ಖರಗ್‌ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾಗಿ, ಕಲ್ಕತ್ತಾ ವಿಶ್ವವಿದ್ಯಾಲಯದ ಕುಲಪತಿಗಳಾಗಿ, ಯೋಜನಾ ಆಯೋಗದ ಸದಸ್ಯರಾಗಿ ಸೇವೆ ಸಲ್ಲಿಸಿದ ಘೋಷರು 1959ರಲ್ಲಿ ನಿಧನರಾದರು.

ಅವರ ಕಾಲದಲ್ಲಿ ಆ ಅನಿಲಗಳಿಗೆ ಕಲ್ಲಿದ್ದಲೇ ಮುಖ್ಯ ಮೂಲ. ಇಂದು ಬಿಸಿಲು, ಗಾಳಿಗಳ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ ಜಲಜನಕವನ್ನೂ, ಇಂಗಾಲದ ಡೈಆಕ್ಸೈಡಿನಿಂದ ಕಾರ್ಬನ್ ಮಾನಾಕ್ಸೈಡನ್ನೂ ಪಡೆಯಬಹುದು. ಹಾಗೆ ಪಡೆದ ಅನಿಲಗಳನ್ನು ತಿಂಗಳುಗಟ್ಟಲೆ ಕಾಪಿಡಬಹುದಾದ ದ್ರವ ಇಂಧನವಾಗಿಸಲು ಈಗಲೂ ನೆರವಾಗುವುದು ಘೋಷರು ಬೆಂಗಳೂರಿನಲ್ಲಿ ಪರೀಕ್ಷಿಸಿದ ಅದೇ ವಿಧಾನ.