ವ್ಯಾಯಾಮ ಶಿಕ್ಷಕ ಮುದ್ದಣ

ಕಾರ್ಕಳ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಜನಿಸಿದ ಲಕ್ಷ್ಮೀನಾರಣಪ್ಪನನ್ನು ನಾವು ‘ರಾಮಾಶ್ವಮೇಧ’ದ ಮುದ್ದಣನೆಂದು ಬಲ್ಲೆವು. ಆತನು ವ್ಯಾಯಾಮ ಶಿಕ್ಷಕನೂ ಆಗಿದ್ದನೆಂಬುದನ್ನು ನೆನೆಯುವವರು ವಿರಳ. ಬಡತನದಿಂದ ಇಂಗ್ಲಿಷ್ ಓದು ಅರ್ಧಕ್ಕೇ ನಿಲ್ಲಲು, ಆತನು ಮದರಾಸಿನಲ್ಲಿ ಅಂಗಸಾಧನೆಯ ಶಿಕ್ಷಣ ಪಡೆದು ಬಂದು, ಉಡುಪಿಯ ಹುಡುಗರ ಮೈಕೈಗಳನ್ನು ಹುರಿಗೊಳಿಸುವ ಕೆಲಸಕ್ಕೆ ನಿಂತನು. ಗಂಟುಬಿದ್ದು ನೋಯುವ ಸ್ನಾಯುವನ್ನು ಬೆರಳಿನಿಂದೊತ್ತಿ ಸಡಿಲಿಸುವ ಭೌತಚಿಕಿತ್ಸೆಯನ್ನು ಇಂದು ನೆರೆಯ ಮಣಿಪಾಲದಲ್ಲಿ ಶಾಸ್ತ್ರವಾಗಿ ಕಲಿಸುತ್ತಾರೆ. ಅಂದಿನ ಶಾಲೆಯಲ್ಲಿ ಸ್ನಾಯುಗಳ ಹದವನ್ನರಿತವನು ಈ ಶಿಕ್ಷಕನೇ. ಕಾವ್ಯವನ್ನಾದರೋ ಗುಟ್ಟಾಗಿ ಬರೆದು, ಪ್ರಾಚೀನ ಕೃತಿಯೆಂದು ಮೈಸೂರಿನ ಪತ್ರಿಕೆಗೆ ಕಳುಹಿಸಿದನು. ಅನ್ಯರ ದೇಹಕ್ಕೆ ಬಲವಿತ್ತ ಆತನನ್ನು 1901ರಲ್ಲಿ, 31ರ ಪ್ರಾಯದಲ್ಲಿ, ಕ್ಷಯವು ಒಯ್ದಿತು. ಅದು ವ್ಯಾಯಾಮಕ್ಕೆ ಮಣಿಯುವ ನೋವಲ್ಲ. ಅದರ ಮದ್ದು ಲೋಕಕ್ಕೆ ದೊರೆತುದು 1940ರ ದಶಕದಲ್ಲಿ. ಮರೆಸಿಟ್ಟ ಹೆಸರು ಮಾತ್ರ ಉಳಿಯಿತು.