ಅಸನುಮಾ: ದಾಳಿಯ ಚಿತ್ರದಾಚೆಗಿನ ಬದುಕು

ಜಪಾನಿನ ಸಮಾಜವಾದಿ ನಾಯಕ ಇನೆಜಿರೊ ಅಸನುಮಾ ಅವರನ್ನು ಜಗತ್ತು ನೆನಪಿಟ್ಟುಕೊಂಡಿರುವುದು ಒಂದು ಪತ್ರಿಕಾ ಛಾಯಾಚಿತ್ರದ ಮೂಲಕ. ವೇದಿಕೆಯ ಮೇಲೆ ಸ್ಥೂಲಕಾಯದ ವ್ಯಕ್ತಿ ತತ್ತರಿಸುತ್ತಿದ್ದಾರೆ. ಕನ್ನಡಕ ಜಾರಿದೆ, ಕೈಗಳು ಎದೆಯ ಮುಂದೆ ಬಂದಿವೆ. ಎದುರಿಗೆ ವಿದ್ಯಾರ್ಥಿಯ ಸಮವಸ್ತ್ರ ತೊಟ್ಟ ಹುಡುಗನೊಬ್ಬ ಎರಡೂ ಕೈಗಳಲ್ಲಿ ಕಿರುಗತ್ತಿ ಹಿಡಿದಿದ್ದಾನೆ. ರಕ್ತ ಕಾಣದು. ಇರಿತ ಇನ್ನೂ ಆಗಿಲ್ಲ, ಯಾರಾದರೂ ತಡೆದಾರು ಎಂದೇ ಮೊದಲ ನೋಟಕ್ಕೆ ಅನಿಸುತ್ತದೆ. ವಾಸ್ತವ ಬೇರೆ. ಮೊದಲ ಇರಿತ ಅದಾಗಲೇ ಮುಗಿದಿತ್ತು. ಕತ್ತಿಯನ್ನು ಹೊರಗೆಳೆದು ಎರಡನೇ ಬಾರಿಗೆ ಗುರಿಯಿಟ್ಟ ಕ್ಷಣವದು.

ಅಸನುಮಾ ಜನಿಸಿದ್ದು 1898ರ ಡಿಸೆಂಬರ್ 27ರಂದು, ಟೋಕಿಯೊಗೆ ದಕ್ಷಿಣದಲ್ಲಿರುವ ಮಿಯಾಕೆ ಎಂಬ ಜ್ವಾಲಾಮುಖಿ ದ್ವೀಪದಲ್ಲಿ. ವಸೆಡಾ ವಿಶ್ವವಿದ್ಯಾಲಯದಲ್ಲಿ ಓದುವಾಗಲೇ ಸಮಾಜವಾದದತ್ತ ಒಲಿದರು. 1925ರಲ್ಲಿ ಅವರು ಕಾರ್ಯದರ್ಶಿಯಾಗಿದ್ದ ರೈತ-ಕಾರ್ಮಿಕ ಪಕ್ಷವನ್ನು ಸರ್ಕಾರ ಸ್ಥಾಪನೆಯಾದ ದಿನವೇ ನಿಷೇಧಿಸಿತು. 1936ರಲ್ಲಿ ಸಂಸತ್ತು ಪ್ರವೇಶಿಸಿದರು.

ಅವರ ಬದುಕು ಕಳಂಕರಹಿತವೇನಲ್ಲ. ಮೂವತ್ತರ ದಶಕದಲ್ಲಿ ಅವರ ಬಣ ಸೇನೆಯ ಯುದ್ಧನೀತಿಗೆ ಬೆಂಬಲವಾಗಿ ನಿಂತಿತು. 1942ರ ಚುನಾವಣೆಯಿಂದ ಅವರು ಹಿಂದೆ ಸರಿದರು. ಚಿತ್ರವನ್ನಷ್ಟೇ ಬಲ್ಲವರಿಗೆ ಈ ಅಧ್ಯಾಯ ಅಪರಿಚಿತ.

ಯುದ್ಧಾನಂತರ ಸಮಾಜವಾದಿ ಪಕ್ಷದ ಸಂಘಟನೆಗಾಗಿ ಬಿಡುವಿಲ್ಲದೆ ಊರೂರು ಸುತ್ತಿದ ಅವರಿಗೆ ಮಾನವ ರೈಲು ಎಂಜಿನ್ ಎಂಬ ಅಡ್ಡಹೆಸರು ಬಂತು. ವಾಸವಿದ್ದದ್ದು ಟೋಕಿಯೊದ ಸಾಧಾರಣ ಅಪಾರ್ಟ್‌ಮೆಂಟಿನಲ್ಲಿ. 1959ರಲ್ಲಿ ಚೀನಾಕ್ಕೆ ಭೇಟಿ ನೀಡಿ, ಅಮೆರಿಕದ ಸಾಮ್ರಾಜ್ಯಶಾಹಿ ಎರಡೂ ದೇಶಗಳ ಜನರ ಸಮಾನ ಶತ್ರು ಎಂದು ಸಾರಿದ್ದು ಬಲಪಂಥೀಯರನ್ನು ಕೆರಳಿಸಿತು. 1960ರ ಮಾರ್ಚ್‌ನಲ್ಲಿ ಪಕ್ಷದ ಅಧ್ಯಕ್ಷರಾದರು. ಅಮೆರಿಕದೊಂದಿಗಿನ ಭದ್ರತಾ ಒಪ್ಪಂದದ ವಿರುದ್ಧ ಆ ವರ್ಷ ನಡೆದ ಭಾರೀ ಚಳವಳಿಯ ಮುಂಚೂಣಿಯಲ್ಲಿದ್ದರು.

1960ರ ಅಕ್ಟೋಬರ್ 12ರಂದು ಟೋಕಿಯೊದ ಹಿಬಿಯಾ ಸಭಾಂಗಣದಲ್ಲಿ ಮೂರು ಪಕ್ಷಗಳ ನಾಯಕರ ಭಾಷಣವಿತ್ತು. ಪ್ರಧಾನಿ ಹಯಾಟೊ ಇಕೆಡಾ ವೇದಿಕೆಯ ಮೇಲಿದ್ದರು. ಅಸನುಮಾ ಮಾತಿಗೆ ನಿಂತಾಗ ಬಲಪಂಥೀಯರು ಗದ್ದಲವೆಬ್ಬಿಸಿದರು. ಅದರ ನಡುವೆಯೇ ಹದಿನೇಳರ ಹರೆಯದ ಒಟೊಯಾ ಯಮಾಗುಚಿ ವೇದಿಕೆಗೆ ನುಗ್ಗಿದ. ಸುಮಾರು ಒಂದಡಿ ಉದ್ದದ ಅಲಗು ಅಸನುಮಾ ಅವರ ದೇಹದ ಎಡಭಾಗವನ್ನು ಹೊಕ್ಕಿತು. ಸ್ವಲ್ಪ ಹೊತ್ತಿನಲ್ಲೇ ಅವರು ಕೊನೆಯುಸಿರೆಳೆದರು. ಆಗ ಅವರಿಗೆ 61 ವರ್ಷ.

ಚಿತ್ರ ತೆಗೆದ ಮೈನಿಚಿ ಪತ್ರಿಕೆಯ ಯಸುಶಿ ನಗಾವೊ ಅವರಿಗೆ 1961ರಲ್ಲಿ ಪುಲಿಟ್ಜರ್ ಪ್ರಶಸ್ತಿ ಸಂದಿತು. ಛಾಯಾಗ್ರಹಣಕ್ಕೆ ಆ ಗೌರವ ಪಡೆದ ಮೊದಲ ವಿದೇಶಿಯರು ಅವರು. ಆದರೆ ಚಿತ್ರದಿಂದ ಹೆಚ್ಚು ಲಾಭ ಪಡೆದವನು ಹಂತಕ ಎನ್ನದೆ ವಿಧಿಯಿಲ್ಲ. ನವೆಂಬರ್ 2ರಂದು ಬಂಧನದಲ್ಲಿ ನೇಣು ಹಾಕಿಕೊಂಡ ಅವನನ್ನು ಬಲಪಂಥೀಯರು ಹುತಾತ್ಮನೆಂದು ಆರಾಧಿಸಿದರು. ಮುಂದೆ ನೊಬೆಲ್ ಪಡೆದ ಕೆಂಜಬುರೊ ಓಎ ಅವರ 1961ರ ಕಥನಕ್ಕೂ ಪ್ರೇರಣೆ ಆ ಹುಡುಗನೇ. 2018ರಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ತೀವ್ರ ಬಲಪಂಥೀಯ ನಾಯಕನೊಬ್ಬ ಈ ಕೊಲೆಯನ್ನು ಅಣಕವಾಗಿ ಅಭಿನಯಿಸಿದ.

ಘಟನೆಯ ಆರು ದಿನಗಳ ಬಳಿಕ ಸಂಸತ್ತಿನಲ್ಲಿ ಶ್ರದ್ಧಾಂಜಲಿ ಸಲ್ಲಿಸಿದ ಇಕೆಡಾ, ತಮ್ಮ ಪ್ರಬಲ ಎದುರಾಳಿಯ ಸರಳ ಜೀವನವನ್ನು ಸ್ಮರಿಸಿದರು. ನವೆಂಬರ್ 20ರ ಚುನಾವಣೆಯಲ್ಲಿ ಇಕೆಡಾ ಅವರ ಪಕ್ಷ 296 ಸ್ಥಾನ ಗಳಿಸಿತು. ಸಮಾಜವಾದಿಗಳಿಗೆ ದಕ್ಕಿದ್ದು 145. ಆ ಪೈಕಿ ಒಂದು ಸ್ಥಾನ, ಪತಿಯ ಕ್ಷೇತ್ರದಿಂದ ಸ್ಪರ್ಧಿಸಿ ಗೆದ್ದ ಕ್ಯೋಕೊ ಅಸನುಮಾ ಅವರದು.