ಕೊಡಗಿನ ರಾಜಕುಮಾರಿ ಗೌರಮ್ಮ

ಹುಣಸೂರಿನಿಂದ ಪಿರಿಯಾಪಟ್ಟಣದ ಮಾರ್ಗವಾಗಿ ಪಡುವಣಕ್ಕೆ ಸಾಗುವ ಹೆದ್ದಾರಿಯು ಕುಶಾಲನಗರದ ಬಳಿ ಕಾವೇರಿಯನ್ನು ದಾಟಿ ಕೊಡಗನ್ನು ಹೊಗುತ್ತದೆ. ನಮ್ಮ ಸೀಮೆಗೂ ಕೊಡಗಿನ ಅರಸುಮನೆತನಕ್ಕೂ ಇರುವ ನಂಟು ಹಳೆಯದು. ಟಿಪ್ಪು ಸುಲ್ತಾನನು ಪಿರಿಯಾಪಟ್ಟಣದ ಕೋಟೆಯಲ್ಲಿ ಸೆರೆಯಿಟ್ಟಿದ್ದ ದೊಡ್ಡ ವೀರರಾಜೇಂದ್ರನು 1788ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಹೋಗಿ ತನ್ನ ರಾಜ್ಯವನ್ನು ಮರಳಿ ಪಡೆದನು. ಅವನ ತಮ್ಮ ಲಿಂಗರಾಜೇಂದ್ರನ ಮೊಮ್ಮಗಳೇ ನಾವು ಇಲ್ಲಿ ಸ್ಮರಿಸಲಿರುವ ಗೌರಮ್ಮ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ಮಕ್ಕಳೊಡನೆ ಪರದೇಶಗಳಲ್ಲಿ ನೆಲೆಸಿರುವುದರಿಂದ, ವಿದ್ಯೆಗಾಗಿ ಕಡಲು ದಾಟಿದ ಈ ಬಾಲೆಯ ಚರಿತ್ರೆಯು ಅವರಿಗೆ ಉಚಿತವಾದುದೆಂದು ನಾವು ಭಾವಿಸುತ್ತೇವೆ.

ಗೌರಮ್ಮನ ತಂದೆ ಚಿಕ್ಕ ವೀರರಾಜೇಂದ್ರನು ಕೊಡಗಿನ ಕಡೆಯ ಅರಸನು. ಅವನ ಆಳ್ವಿಕೆಯ ದೋಷಗಳನ್ನು ಇತಿಹಾಸವು ಮರೆಮಾಡಿಲ್ಲ. ಮಾಸ್ತಿಯವರ ಕಾದಂಬರಿಯಿಂದ ಅವನ ಹೆಸರು ಕನ್ನಡಿಗರೆಲ್ಲರಿಗೂ ಪರಿಚಿತವಾಗಿದೆ. 1834ರಲ್ಲಿ ಆಂಗ್ಲೇಯರು ಅವನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡರು. ಅವನನ್ನು ಮೊದಲು ವೆಲ್ಲೂರಿಗೂ ತರುವಾಯ ಕಾಶಿಗೂ ಕಳುಹಿಸಿದರು. ರಾಜ್ಯವು ಕೈತಪ್ಪಿದ ಏಳು ವರ್ಷಗಳ ಮೇಲೆ, 1841ರಲ್ಲಿ, ಗೌರಮ್ಮನು ಕಾಶಿಯಲ್ಲಿ ಜನಿಸಿದಳು.

1852ರಲ್ಲಿ ಅರಸನು 11 ವರ್ಷದ ಈ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಪಯಣ ಮಾಡಿದನು. ಸೂಯೆಜ್ ಕಾಲುವೆಯು ತೆರೆದುದು 1869ರಲ್ಲಿ. ಅದಕ್ಕೆ ಮುಂಚಿನ ಆ ಪಯಣವು ಸುಲಭವಾದುದಲ್ಲ. ಅವನ ಮನಸ್ಸಿನಲ್ಲಿ ಎರಡು ಉದ್ದೇಶಗಳಿದ್ದವು. ದೊಡ್ಡಪ್ಪನಾದ ದೊಡ್ಡ ವೀರರಾಜೇಂದ್ರನು ಕಂಪನಿಯವರಲ್ಲಿ ಇಟ್ಟಿದ್ದ ಹಣವನ್ನು ನ್ಯಾಯಾಲಯದ ಮೂಲಕ ಪಡೆಯುವುದು ಒಂದು; ಮಗಳಿಗೆ ಆಂಗ್ಲ ಪದ್ಧತಿಯ ವಿದ್ಯಾಭ್ಯಾಸವನ್ನು ಕೊಡಿಸುವುದು ಇನ್ನೊಂದು. ನಮ್ಮ ನಾಡಿನಲ್ಲಿ ಹೆಣ್ಣುಮಕ್ಕಳ ಶಾಲೆಗಳು ಅತಿ ವಿರಳವಾಗಿದ್ದ ಕಾಲವದು. ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆಯು ಆರಂಭವಾದುದೇ 1881ರಲ್ಲಿ. ಆದಕಾರಣ ತಂದೆಯ ಈ ಎರಡನೆಯ ಆಶೆಯು ಸಣ್ಣದಾಗಿರಲಿಲ್ಲ.

ಅದೇ ವರ್ಷ ಗೌರಮ್ಮನಿಗೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರಿಂದ ದೀಕ್ಷಾಸ್ನಾನವಾಯಿತು. ವಿಕ್ಟೋರಿಯಾ ರಾಣಿಯವರು ತಾವೇ ಧರ್ಮಮಾತೆಯಾಗಿ ನಿಂತು ತಮ್ಮ ಹೆಸರನ್ನೇ ಅವಳಿಗೆ ಇಟ್ಟರು. ಪ್ರಸಿದ್ಧ ಚಿತ್ರಕಾರನಾದ ವಿಂಟರ್‌ಹಾಲ್ಟರನು ಅವಳ ಚಿತ್ರವನ್ನು ಬರೆದನು. ಆ ಚಿತ್ರವು ಇಂದಿಗೂ ಇಂಗ್ಲೆಂಡಿನ ಅರಮನೆಯ ಸಂಗ್ರಹದಲ್ಲಿದೆ.

ಆ ಕಾಲದ ಇಂಗ್ಲೆಂಡಿನಲ್ಲಿ ದೊಡ್ಡ ಮನೆತನದ ಬಾಲಿಕೆಯರು ಸಾಮಾನ್ಯವಾಗಿ ಶಾಲೆಗೆ ಹೋಗುತ್ತಿರಲಿಲ್ಲ. ಉಪಾಧ್ಯಾಯಿನಿಯರು ಮನೆಯಲ್ಲಿಯೇ ಪಾಠ ಹೇಳುತ್ತಿದ್ದರು. ಓದುಬರಹಕ್ಕಿಂತ ನಡೆನುಡಿ, ಉಡಿಗೆತೊಡಿಗೆ, ಊಟದ ಮೇಜಿನ ಶಿಷ್ಟಾಚಾರ ಇವುಗಳೇ ಆ ಶಿಕ್ಷಣದ ಮುಖ್ಯಭಾಗ. ಗೌರಮ್ಮನನ್ನು ಮೇಜರ್ ಡ್ರಮಂಡ್ ದಂಪತಿಗಳ ಪೋಷಣೆಗೆ ಒಪ್ಪಿಸಲಾಯಿತು. ತರುವಾಯ ಲೇಡಿ ಲಾಗಿನ್ ಎಂಬವರು ಆ ಭಾರವನ್ನು ವಹಿಸಿಕೊಂಡರು. ಹೀಗೆ ಭಾಷೆ, ಉಡುಪು, ಊಟ, ಹೆಸರು, ಧರ್ಮ ಎಲ್ಲವೂ ಒಂದೇ ಸಲಕ್ಕೆ ಬದಲಾದವು. ಅದಕ್ಕಿಂತ ಕಠಿನವಾದುದು ಮತ್ತೊಂದು: ತಂದೆಯ ಪ್ರಭಾವವು ಮಗುವಿನ ಮೇಲೆ ಬೀಳಬಾರದೆಂದು ಎಣಿಸಿ, ಅವರಿಬ್ಬರ ಭೇಟಿಗಳನ್ನು ಮಿತಗೊಳಿಸಿದರು. ಮಗಳ ವಿದ್ಯೆಗಾಗಿ ಅಷ್ಟು ದೂರ ಬಂದ ತಂದೆಯು ಒಂದೇ ದೇಶದಲ್ಲಿದ್ದೂ ಮಗಳಿಗೆ ದೂರವಾದನು. ಹಣದ ವ್ಯಾಜ್ಯವೂ ಅವನ ಜೀವಿತಕಾಲದಲ್ಲಿ ಫಲ ಕೊಡಲಿಲ್ಲ. 1859ರಲ್ಲಿ ಅವನು ಲಂಡನ್ನಿನಲ್ಲಿ ಮೃತನಾದನು.

ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗನಿಗೆ ಗೌರಮ್ಮನನ್ನು ಕೊಡಬೇಕೆಂದು ರಾಣಿಯವರು ಬಯಸಿದ್ದರು, ಅದು ಕೈಗೂಡಲಿಲ್ಲ. 1860ರಲ್ಲಿ ಅವಳು ಲೇಡಿ ಲಾಗಿನ್ನರ ಸಹೋದರನೂ ತನಗಿಂತ ವಯಸ್ಸಿನಲ್ಲಿ ಬಹಳ ಹಿರಿಯನೂ ಆದ ಕರ್ನಲ್ ಜಾನ್ ಕ್ಯಾಂಪ್‌ಬೆಲ್ಲನನ್ನು ವಿವಾಹವಾದಳು. ಮರುವರ್ಷ ಒಂದು ಹೆಣ್ಣುಮಗು ಹುಟ್ಟಿತು. ಮಗುವಿಗಿಟ್ಟ ಹೆಸರು ಈಡಿತ್ ವಿಕ್ಟೋರಿಯಾ ಗೌರಮ್ಮ. 1864ರಲ್ಲಿ, 22 ವರ್ಷದ ಎಳೆಯ ಪ್ರಾಯದಲ್ಲಿ, ಕ್ಷಯರೋಗದಿಂದ ಗೌರಮ್ಮನು ತೀರಿಕೊಂಡಳು. ಲಂಡನ್ನಿನ ಬ್ರಾಂಪ್ಟನ್ ಶ್ಮಶಾನದಲ್ಲಿ ಅವಳ ಸಮಾಧಿಯಿದೆ.

ಅವಳನ್ನು ಸಾಕಿದವರಲ್ಲಿ ಪ್ರೀತಿಯಿರಲಿಲ್ಲವೆಂದು ನಾವು ಹೇಳಲಾರೆವು. ರಾಣಿಯವರ ವಾತ್ಸಲ್ಯವು ನಿಜವಾದುದೇ. ಆದರೆ ಹೊಸದನ್ನು ಕಲಿಯಬೇಕಾದರೆ ಹಳೆಯದನ್ನೆಲ್ಲ ಕಳೆಯಬೇಕೆಂಬ ಎಣಿಕೆಯೇ ತಪ್ಪು. ಕ್ರೈಸ್ತ ಶಾಲೆಯವರಾದ ನಾವು ಇದನ್ನು ಸಂಕೋಚವಿಲ್ಲದೆ ಒಪ್ಪಿಕೊಳ್ಳಬೇಕು. ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಯು ನಮ್ಮ ಧರ್ಮದ್ದೇ ಅಲ್ಲವೆ? ಗೌರಮ್ಮನು ತನ್ನ ಮಗುವಿನ ಹೆಸರಿನಲ್ಲಿ ಕಡೆಗೆ ಉಳಿಸಿಕೊಂಡುದು ತನ್ನ ಹುಟ್ಟುಹೆಸರನ್ನೇ ಎಂಬುದು ನಮ್ಮ ಮನಸ್ಸನ್ನು ಮುಟ್ಟುತ್ತದೆ.

ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಿಂದ ಹೊರಟು ದೂರದೇಶಗಳಲ್ಲಿ ಸಂಸಾರ ಹೂಡಿರುವ ನಮ್ಮ ಸೋದರಿಯರೇ, ನಿಮ್ಮ ಮಕ್ಕಳು ಅಲ್ಲಿಯ ಶಾಲೆಯ ರೀತಿಗೆ ಬೇಗನೆ ಒಗ್ಗಿಕೊಂಡರೆ ಸಂತೋಷಪಡಿರಿ. ಅದರೊಂದಿಗೆ, ಸಂಜೆ ಮನೆಗೆ ಬಂದ ಮಗುವು ತನ್ನ ದಿನದ ಸುಖದುಃಖವನ್ನು ಯಾರೊಡನೆ, ಯಾವ ಮಾತಿನಲ್ಲಿ ಹೇಳಿಕೊಳ್ಳುತ್ತದೆಂಬುದನ್ನೂ ಗಮನಿಸಿರಿ. ಗೌರಮ್ಮನಿಗೆ ಅರಮನೆಯ ಆದರವಿತ್ತು, ಉತ್ತಮ ಉಪಾಧ್ಯಾಯಿನಿಯರಿದ್ದರು. ಇಲ್ಲದೆ ಹೋದುದು ಇದೊಂದೇ. ಅದನ್ನು ಕೊಡುವುದಕ್ಕೆ ಯಾವ ರಾಣಿಯೂ ಬೇಕಿಲ್ಲ. ತಾಯಿಯಾದ ನೀವೇ ಸಾಕು.